ಉತ್ತಯ್ಯನವರ ಸಿಲ್ವರ್ ಮರಗಳು

ಇನ್ನೆಂದೂ ಈ ಕಾಫಿ ಕಣದಲ್ಲಿ ನಿಂತು ಏನನ್ನೂ ಕೇಳುವುದಿಲ್ಲ ಎಂದು ರೇಣುಕಪ್ರಸಾದ್ ಪಕ್ಕದ ಎಸ್ಟೇಟಿನ ಉತ್ತಯ್ಯನವರಿಗೆ ಮಾತು ಕೊಟ್ಟದ್ದು ಅವನ ಮನೆಗೆ ಟೆಲಿಫೋನ್ ಬಂದ ವರ್ಷ. ಮಾತು ಕೊಡು ಎಂದು ಉತ್ತಯ್ಯನವರೇನೂ ಕೇಳಿರಲಿಲ್ಲ. ಕೊಟ್ಟದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ ಅದೂ ಖಚಿತವಿಲ್ಲ, ಏಕೆಂದರೆ ಆ ಹೊತ್ತಿಗೆ ಕಣದ ಪಕ್ಕದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುತ್ತಿತ್ತು. ಟೆಲಿಫೋನ್ ಕಂಬಗಳು ರಸ್ತೆ ಸುತ್ತಿ ಬರುವುದಾದರೆ ಇನ್ನೆಷ್ಟು ವರ್ಷ ಕಾಯಬೇಕೋ, ಉತ್ತಯ್ಯನವರ ತೋಟದ ಮೂಲಕವಾದರೆ ಮುಂದಿನ ತಿಂಗಳೇ ಎಂದು ಲೈನ್‌ಮನ್ ಹೇಳಿದ್ದರಿಂದ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋಗಿದ್ದ. ಶನಿವಾರ. ಬಟವಾಡೆ ನಡೆಯುತ್ತಿತ್ತು. ಎಸ್ಟೇಟಿನ ಲೈನುಮನೆಗಳ ಆಳುಗಳೆಲ್ಲ ಸಾಲಾಗಿ ನಿಂತಿದ್ದರು, ಅವನೂ ಸಾಲಿನ ಪಕ್ಕದಲ್ಲಿ, ಸಾಲಿಗೆ ಸೇರಿದವನಲ್ಲ ಎಂದು ಕಾಣುವಷ್ಟು ದೂರ ಬಿಟ್ಟು, ಬಿಸಿಲಲ್ಲಿ ನಿಂತಿದ್ದ. ನೆರೆಹೊರೆಯ ಧರ್ಮದ ಬಗ್ಗೆ, ಸರ್ಕಾರಿ ಕಂಬಕ್ಕೆ ಜಾಗ ಕೊಡುವುದರ ಕಾನೂನಿನ ಬಗ್ಗೆ ಒಂದು ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದ. ಉತ್ತಯ್ಯನವರು ತಲೆ ಎತ್ತದೆ, ನೋಟು ಕೊಡುತ್ತಲೇ, "ಹಾಕ್ಕೊಳ್ಳಿ ಮಾರಾಯ್ರೆ, ಕಂಬ ಎಂತ ನನ್ನ ಕಾಫಿ ತಿಂತದಾ?" ಎಂದುಬಿಟ್ಟರು. ಸಾಲು ಗೊಳ್ಳೆಂದು ನಕ್ಕಿತು. ಅಷ್ಟೇ. ಕಂಬ ಸಿಕ್ಕಿತು. ಆದರೆ ಒಂದಿಷ್ಟು ಗಾಂಭೀರ್ಯದಿಂದ, ಸ್ವಲ್ಪ ಯೋಚಿಸಿ, ಬೇಕಾದರೆ ಒಮ್ಮೆ ನಿರಾಕರಿಸಿಯಾದರೂ ಕೊಡಬಹುದಿತ್ತು. ಬಳಕೆಗೆ ಬಾರದ ಭಾಷಣ ಗಂಟಲಲ್ಲಿ ಹೊರಳಿ ಹೊರಳಿ ಕೊನೆಗೆ ಇನ್ನೆಂದೂ ಕೇಳುವುದಿಲ್ಲ ಎಂಬ ಆ ಮಾತಾಗಿ ಹೊರಬಿತ್ತು. ನಕ್ಕವರ ಪೈಕಿ ಚೋಮಿ ಎಂಬವಳ ಮುಖ ಮಾತ್ರ ಅವನಿಗೆ ಈಗಲೂ ನೆನಪಿದೆ.

ಆಮೇಲಿನ ಇಪ್ಪತ್ತೇಳು ವರ್ಷ ಅವನು ಆ ಮಾತನ್ನು ಪೂಜೆಗಿಟ್ಟ ಬೆಳ್ಳಿ ಲೋಟದ ಹಾಗೆ ಉಜ್ಜಿ ಉಜ್ಜಿ ಇಟ್ಟುಕೊಂಡ. ಅವನ ಪಂಪ್‌ಸೆಟ್ ಕೆಟ್ಟಾಗ ಉತ್ತಯ್ಯನವರದು ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿದ್ದರೂ ಸುಂಟಿಕೊಪ್ಪದಿಂದ ಬಾಡಿಗೆಗೆ ತರಿಸಿದ. ಹೆಂಡತಿ ವಿನುತಾಳಿಗೆ ಹೆರಿಗೆ ನೋವು ಬಂದಾಗ ಉತ್ತಯ್ಯನವರ ಜೀಪು ಗೇಟಿನಲ್ಲೇ ನಿಂತಿದ್ದರೂ ಮಾದಾಪುರದ ಟ್ಯಾಕ್ಸಿಗೆ ಫೋನ್ ಮಾಡಿ, ಅದು ಬರುವ ತನಕ ಅವಳ ಬೈಗುಳ ಕೇಳುತ್ತ ಜಗಲಿಯಲ್ಲಿ ಅಡ್ಡಾಡಿದ. ಇದರಲ್ಲಿ ಒಂದು ತೊಂದರೆ ಇತ್ತು. ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಬಿಡದೆ ಶಿಕ್ಷಿಸುತ್ತಿದ್ದರೂ ಆ ಮನುಷ್ಯನಿಗೆ ಅದು ಗೊತ್ತೇ ಇರಲಿಲ್ಲ. ದಾರಿಯಲ್ಲಿ ಸಿಕ್ಕರೆ ಕೈ ಎತ್ತುತ್ತಿದ್ದರು. ಹಬ್ಬಕ್ಕೆ ಕಿತ್ತಳೆ ಕಳಿಸುತ್ತಿದ್ದರು. ಅವನು ಮಾದಾಪುರದ ಕಡೆಯ ಒಂದು ಸಹಕಾರ ಸೊಸೈಟಿಯಲ್ಲಿ ಗುಮಾಸ್ತ. ಸಾಲ ಕೇಳಲು ಬಂದವರನ್ನು ಕಾಯಿಸುವುದು ಹೇಗೆ ಎಂಬುದರಲ್ಲಿ ಅವನಿಗೆ ಒಳ್ಳೆಯ ಪಳಗಿದ ಕೈ ಇತ್ತು. ಉತ್ತಯ್ಯನವರು ಒಂದು ದಿನ ಸೊಸೈಟಿಗೆ ಬಂದಾರು, ತನ್ನ ಮೇಜಿನ ಮುಂದೆ ನಿಂತಾರು ಎಂದು ಅವನು ಕಾದ. ಅವರಿಗೆ ಸಾಲ ಬೇಕಾಗಲೇ ಇಲ್ಲ.

ಈಗ ಆ ಟೆಲಿಫೋನೇ ಹೊರಟು ನಿಂತಿತ್ತು. ಗೌರವಾನ್ವಿತ ಗ್ರಾಹಕರೇ ಎಂದು ಶುರುವಾದ ಮೆಸೇಜು, ನಿಮ್ಮ ಪ್ರದೇಶದ ತಾಮ್ರದ ಲೈನುಗಳನ್ನು ಈ ತಿಂಗಳ ಕೊನೆಗೆ ಹಿಂಪಡೆಯಲಾಗುವುದು ಎಂದು ಮುಗಿದಿತ್ತು. ಟೆಲಿಫೋನ್ ಹೋಗುವುದು ದೊಡ್ಡ ವಿಷಯವಲ್ಲ. ಅದರಲ್ಲಿ ಯಾರೂ ಮಾತಾಡಿ ವರ್ಷಗಳಾಗಿದ್ದವು. ಅದರ ಬಾಲ ಹಿಡಿದು ಬರುತ್ತಿದ್ದ ಬ್ರಾಡ್‌ಬ್ಯಾಂಡ್ ಹೋಗುವುದು ವಿಷಯ. ಮಗಳು ದಿವ್ಯಶ್ರೀ ಹಾಸನದ ಗಂಡನ ಮನೆ ಸಾಕೆಂದು ಐದು ವರ್ಷದ ಮಗುವನ್ನು ಕಟ್ಟಿಕೊಂಡು ಬಂದಮೇಲೆ, ಒಳಕೋಣೆಯಲ್ಲಿ ಕೂತು ಯಾವುದೋ ಕಂಪನಿಗೆ ಆಸ್ಪತ್ರೆ ವಿಮೆಯ ಕಾಗದಗಳನ್ನು ಪರಿಶೀಲಿಸುವ ಕೆಲಸ ಮಾಡುತ್ತಿದ್ದಳು. ಯಾರದೋ ಊರಿನ ಯಾರದೋ ಮೂತ್ರಪಿಂಡದ ಕಲ್ಲು ಈ ತೋಟದ ಮನೆಯೊಳಗೆ ಹಾದುಹೋಗಿ ಮಂಜೂರಾಗುತ್ತಿತ್ತು. ಲೈನ್ ನಿಧಾನ, ಆದರೂ ನಡೆಯುತ್ತಿತ್ತು. ಈಗ ಕಂಪನಿ ಹೇಳಿದ್ದಿಷ್ಟು: ಸೋಮವಾರದೊಳಗೆ ಸರಿಯಾದ ಕನೆಕ್ಷನ್ ಆಗಬೇಕು, ಇಲ್ಲದಿದ್ದರೆ ಮೈಸೂರಿನ ಆಫೀಸಿಗೆ ಬಂದು ಕೂರಬೇಕು. ಮೈಸೂರು ಎಂದರೆ ಪೇಯಿಂಗ್ ಗೆಸ್ಟ್ ಮನೆಯ ಒಂದು ಮಂಚ. ಮಂಚದ ಮೇಲೆ ಮಗುವಿಗೆ ಜಾಗವಿಲ್ಲ. ಮಗು ಇಲ್ಲಿ, ತಾಯಿ ಅಲ್ಲಿ. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಮಗುವಿನ ಬಟ್ಟೆಗಳನ್ನು ಬೇರೆ ಕಪಾಟಿಗೆ ಜೋಡಿಸತೊಡಗಿದ್ದಳು, ಅಷ್ಟೇ.

ಎಕ್ಸ್‌ಚೇಂಜಿಗೆ ಹೋದಾಗ ಅಲ್ಲಿದ್ದ ಒಬ್ಬನೇ ಒಬ್ಬ ನೌಕರ ಬಹಳ ಮರ್ಯಾದೆಯಿಂದ ಮಾತಾಡಿದ. ಫೈಬರ್ ನಿಮ್ಮ ಕಡೆಗೆ ಯಾವಾಗಲೋ ಬರುತ್ತದೆ, ತಾಮ್ರ ಮಾತ್ರ ಈಗಲೇ ಹೋಗುತ್ತದೆ ಎಂದ. ನಮ್ಮದು ತುಂಬ ಹಳೆಯ ನಂಬರು ಎಂದು ರೇಣುಕಪ್ರಸಾದ್ ಹೇಳಿದ, ಯಾಕೆ ಹೇಳಿದೆನೋ ಎಂದು ಹೇಳುವಾಗಲೇ ಅನ್ನಿಸಿತು. "ಎಲ್ಲಾರ್ದೂ ಹಳೇದೇ ಸಾರ್" ಎಂದು ಆತ ಮೂಲೆಯಲ್ಲಿ ರಾಶಿ ಬಿದ್ದಿದ್ದ ಫೋನುಗಳನ್ನು ತೋರಿಸಿದ. ಆಮೇಲೆ ಮೊಬೈಲ್ ಟವರಿನಿಂದ ನೆಟ್ ಹಿಡಿಯುವ ಪೆಟ್ಟಿಗೆಯೊಂದನ್ನು ಸೋಮವಾರಪೇಟೆಯ ಅಂಗಡಿಯವನು ಪರೀಕ್ಷೆಗೆಂದು ಕೊಟ್ಟ. ಪೆಟ್ಟಿಗೆಗೆ ಮನೆಯಲ್ಲಿ ಎಲ್ಲಿಯೂ ಸಿಗ್ನಲ್ ಇಷ್ಟವಾಗಲಿಲ್ಲ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ ಇಷ್ಟವಾಯಿತು. ದಿವ್ಯಶ್ರೀ ಎರಡು ದಿನ ಟೆರೇಸಿನ ಮೇಲೆ ಕೊಡೆ ಕಟ್ಟಿಕೊಂಡು ಕೂತು ಕೆಲಸ ಮಾಡಿದಳು. ಮೀಟಿಂಗಿನ ನಡುವೆ ಕೋತಿಗಳ ಜಗಳ ಕೇಳಿ ಮೇಲಧಿಕಾರಿ ನೀವು ಮೃಗಾಲಯದಲ್ಲಿದ್ದೀರಾ ಎಂದು ವಿಚಾರಿಸಿದನಂತೆ. ಅವಳು ಕೆಳಗಿಳಿದು ಬಂದು ಅದನ್ನು ಹೇಳಿ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಳು. ಇನ್ನು ಆಕಾಶದಿಂದಲೇ ನೇರ ನೆಟ್ ಇಳಿಸುವ ತಟ್ಟೆಯೊಂದಿದೆ ಎಂದು ಯಾರೋ ಹೇಳಿದರು. ಅದರ ಬೆಲೆ ಕೇಳಿ ವಿನುತಾ, ಈ ವರ್ಷದ ಮೆಣಸು ಮಾರಿ ಆಕಾಶ ಕೊಂಡುಕೊಳ್ಳಿ, ಮುಂದಿನ ವರ್ಷದ್ದು ಮಾರಿ ಮೋಡ ಕೊಂಡರಾಯಿತು ಎಂದಳು.

ಕೊನೆಗೆ ಬಂದವನು ಕುಟ್ಟಪ್ಪ. ಮೊದಲು ಟಿವಿ ಕೇಬಲ್ ಎಳೆಯುತ್ತಿದ್ದವನು ಈಗ ಫೈಬರ್ ಎಳೆಯುತ್ತಾನೆ. ಅಂಗಳದಲ್ಲಿ ನಿಂತು ಎಲೆಯಡಿಕೆ ಜಗಿಯುತ್ತ ಅವನು ರಸ್ತೆಯ ಕಡೆ ನೋಡಲೇ ಇಲ್ಲ, ಉತ್ತಯ್ಯನವರ ತೋಟದಲ್ಲಿ ಕಾಫಿಯ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರಗಳನ್ನೇ ನೋಡಿದ. ರಸ್ತೆಯ ಮೇಲಿಂದಾದರೆ ಕಂಬಗಳ ಖರ್ಚು ಮನೆಯವರದೇ, ಅದು ಬೇಡದ ಮಾತು. ಆ ಕಡೆಯ ಹೋಮ್‌ಸ್ಟೇ ತನಕ ತನ್ನ ಲೈನ್ ಬಂದಾಗಿದೆ, ಅಲ್ಲಿಂದ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದರೆ ಊಟದ ಹೊತ್ತಿಗೆ ಇಲ್ಲಿ ನೆಟ್ ಎಂದ. ತಿಂಗಳಿಗೆ ಅವನು ಹೇಳಿದ ಹಣ ಈಗ ಟೆಲಿಫೋನಿಗೆ ಕಟ್ಟುವುದಕ್ಕಿಂತ ಕಡಿಮೆ. ದಿವ್ಯಶ್ರೀಯ ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು.

"ಉತ್ತಯ್ಯನವರ ಹತ್ರ ಒಂದ್ಮಾತು ಕೇಳಿಬಿಡಿ ಸಾರ್" ಎಂದ ಕುಟ್ಟಪ್ಪ.

ನೀನೇ ಕೇಳಬಹುದಲ್ಲ ಎಂದು ರೇಣುಕಪ್ರಸಾದ್ ಆದಷ್ಟು ಸಹಜವಾಗಿ ಹೇಳಿದ. ಕುಟ್ಟಪ್ಪ ತಲೆಯಾಡಿಸಿದ. ತಾನು ಯಾರ ಪರವಾಗಿಯೂ ಕೇಳುವುದಿಲ್ಲ, ಈ ಭಾಗದಲ್ಲಿ ಯಾವ ಕೇಬಲಿನವನೂ ಕೇಳುವುದಿಲ್ಲ. ಮಳೆಗೆ ಮುಂಚೆ ಮರಗಸಿ ಬರುತ್ತದೆ, ನೆರಳು ಹೆಚ್ಚಾದ ಕೊಂಬೆಗಳನ್ನೆಲ್ಲ ಕಡಿದು ಹಾಕುತ್ತಾರೆ. ಆಗ ಮರದಲ್ಲಿರುವ ತಂತಿ ಯಾವ ಮನೆಯದು, ಯಾರು ಬಂದು ಕೇಳಿದ್ದು ಎಂದು ಎಸ್ಟೇಟಿನವರಿಗೆ ಗೊತ್ತಿದ್ದರೆ ಆಳುಗಳಿಗೆ ಹೇಳಿ ತಪ್ಪಿಸಿ ಕಡಿಸುತ್ತಾರೆ. "ಕೇಳದೆ ಕಟ್ಟಿದ್ದು ಕತ್ತಿ ಹಿಡಿದೋನಿಗೆ ಬರೀ ಬಳ್ಳಿ ಸಾರ್. ಮನೆ ಯಜಮಾನ ಹೋಗಿ ನಿಂತು ಕೇಳ್ಬೇಕು. ಅದಕ್ಕೆ ಕಾಗದ ಪತ್ರ ಎಲ್ಲ ಬೇಡ." ಹೋಗಿ ನಿಂತು ಎಂಬ ಮಾತು ರೇಣುಕಪ್ರಸಾದನ ಪಾದದಿಂದ ಮೇಲಕ್ಕೆ ಹತ್ತಿತು. ನಾನು ಹೋಗಿ ಕೇಳಲಾ ಎಂದು ದಿವ್ಯಶ್ರೀ ಅಂದಳು. ನಾನು ಬದುಕಿರುವಾಗ ನೀನ್ಯಾಕೆ ಎಂದು ಅವನು ಗದರಿದ. ಗದರಿದ ದನಿ ಅವನಿಗೇ ಹಿಡಿಸಿತು. ಅದರಲ್ಲಿ ತಂದೆತನ ಇತ್ತು.

ಶನಿವಾರ ಬೆಳಿಗ್ಗೆ ಅವನು ಬಿಳಿ ಅಂಗಿ ತೊಟ್ಟು ಹೊರಟ. ತೋಟದ ಒಳದಾರಿಯಲ್ಲಿ ಹೋದರೆ ಹತ್ತಿರ, ಆದರೆ ಒಳದಾರಿಯಲ್ಲಿ ಹೋಗುವುದು ಬೇಡುವವನ ನಡಿಗೆಯ ಹಾಗೆ ಕಂಡಿತು. ರಸ್ತೆ ಸುತ್ತಿ ಗೇಟಿನಿಂದಲೇ ಹೋದ. ಕಣದಲ್ಲಿ ರೋಬಸ್ಟಾ ಚೆಲ್ಲಿತ್ತು. ಚೋಮಿ, ಈಗ ಸೊಂಟ ಬಾಗಿದ ಮುದುಕಿ, ಕಾಲಿನಿಂದ ಸಾಲು ಎಳೆಯುತ್ತ ಕಾಫಿ ತಿರುವುತ್ತಿದ್ದಳು. ತಲೆ ಎತ್ತಿ ಅವನನ್ನು ನೋಡಿದಳು, ಮತ್ತೆ ತಿರುವತೊಡಗಿದಳು. ಗುರುತು ಹಿಡಿದಳು ಎಂದು ಅವನಿಗೆ ಖಾತ್ರಿಯಾಯಿತು. ನೆನಪಿಟ್ಟುಕೊಂಡಿದ್ದಾಳೆ, ಇಷ್ಟು ವರ್ಷ ಈ ಬೆಳಗಿಗಾಗಿ ಕಾದಿದ್ದಾಳೆ, ಮಧ್ಯಾಹ್ನ ಲೈನುಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತಾಳೆ. ಅವಳಿಗೆ ಪೊರೆ ಬಂದು ಎರಡೂ ಕಣ್ಣು ಮಸುಕಾಗಿವೆ ಎಂದು ಸೊಸೈಟಿಯಲ್ಲಿ ಅವಳ ಮಗನೇ ಹೇಳಿದ್ದು ನೆನಪಾಯಿತು. ಆ ನೆನಪನ್ನು ಅವನು ಪಕ್ಕಕ್ಕೆ ಸರಿಸಿದ.

ಉತ್ತಯ್ಯನವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. "ಎಂತ ಪ್ರಸಾದ್, ದಾರಿ ತಪ್ಪಿತಾ?" ಎಂದವರು ಅವನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು. ಸಂತೋಷದಲ್ಲಿ ಒಂದು ಬಿರುಕಾದರೂ ಸಿಕ್ಕೀತೇ ಎಂದು ಅವನು ಹುಡುಕಿದ. ಕಾಫಿ ಬಂತು. ಅಕ್ಕಿ ರೊಟ್ಟಿ ತಿನ್ನಿ ಎಂದರು, ಬೇಡವೆಂದ. ಮೆಣಸಿನ ರೇಟಿನ ಬಗ್ಗೆ, ಹೊಳೆ ದಾಟಿ ಬಂದ ಒಂಟಿ ಆನೆಯ ಬಗ್ಗೆ, ಮಂಡಿಯ ಬಗ್ಗೆ ಮಾತಾಯಿತು. ದಿವ್ಯಾ ಹೇಗಿದ್ದಾಳೆ, ಮಗು ಸ್ಕೂಲಿಗೆ ಹೋಗುತ್ತಾ ಎಂದು ಅವರೇ ಕೇಳಿದರು. ಅದು ಬಾಗಿಲು ತೆಗೆದಿಟ್ಟ ಹಾಗೆ ಇತ್ತು. ಅವನು ಬಾಗಿಲಿನ ಚೌಕಟ್ಟನ್ನು ಪರಿಶೀಲಿಸುತ್ತ ಕೂತ. ಮಾತು ಕೊಟ್ಟದ್ದು ಕಣದಲ್ಲಿ ನಿಂತು ಕೇಳುವುದಿಲ್ಲ ಎಂದು. ಇದು ವರಾಂಡ. ತಾನು ಕೂತಿದ್ದೇನೆ. ಸೊಸೈಟಿಯ ಬೈಲಾದಲ್ಲಿ ಇಂಥ ಅಂತರಗಳಿಗೆ ಬಹಳ ಬೆಲೆಯಿದೆ, ಎಷ್ಟೋ ಜನರ ಅರ್ಜಿಯನ್ನು ಇಷ್ಟೇ ಸಣ್ಣ ಅಂತರದಲ್ಲಿ ಅವನು ತಿರುಗಿಸಿ ಕಳಿಸಿದ್ದಾನೆ. ಹಾಗಾದರೆ ಕೇಳಬಹುದು. ಕೂತು ಕೇಳಿದರೆ ಮಾತಿಗೆ ಭಂಗವಿಲ್ಲ. ಅವನು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಉತ್ತಯ್ಯನವರೇ ಎಂದ. ಅಷ್ಟರಲ್ಲಿ ಉತ್ತಯ್ಯನವರು ಕೋಲು ಊರಿ ಎದ್ದರು. "ಬನ್ನಿ, ಬಿಸಿಲಲ್ಲಿ ನಿಂತು ಮಾತಾಡುವ. ಈ ಮಂಡಿಗೆ ಬಿಸಿಲು ಬೇಕು ಅಂತ ಡಾಕ್ಟರ್ ಹೇಳಿದ್ದಾರೆ" ಎಂದು ಅವನ ಭುಜದ ಮೇಲೆ ಕೈಯಿಟ್ಟು ಮೆಟ್ಟಿಲಿಳಿಸಿ ಕಣದ ನಡುವಿಗೆ ಕರೆತಂದು ನಿಲ್ಲಿಸಿದರು.

ಕಾಫಿ ಒಣಗುವ ಹುಳಿ ವಾಸನೆ ಹಾಗೆಯೇ ಇತ್ತು. ಬಿಸಿಲೂ. ಉತ್ತಯ್ಯನವರು ಬಗ್ಗಲಾರದೆ ಚೋಮಿಯಿಂದ ಒಂದು ಕಾಯಿ ಎತ್ತಿಸಿಕೊಂಡು ಹಲ್ಲಿನಲ್ಲಿ ಕಚ್ಚಿ ಒಣಗಿದೆಯೇ ನೋಡಿದರು, ಉಗುಳಿದರು, ಇನ್ನೂ ಎರಡು ಬಿಸಿಲು ಬೇಕು ಎಂದರು. ಅವರ ತಲೆಯ ಹಿಂದೆ ಸಿಲ್ವರ್ ಮರಗಳು ನೆಟ್ಟಗೆ, ಒಂದರ ಹಿಂದೆ ಒಂದು, ಅವನ ಮನೆಯ ಹೆಂಚಿನ ತನಕ ಸಾಲುಗಟ್ಟಿದ್ದವು. ಟೆಲಿಫೋನ್ ಕಂಬಗಳೂ ಅಲ್ಲೇ ವಾಲಿಕೊಂಡು ನಿಂತಿದ್ದವು, ಒಂದಕ್ಕೆ ಮೆಣಸಿನ ಬಳ್ಳಿ ಹತ್ತಿತ್ತು. ಏನು ಹೇಳಹೊರಟಿದ್ದು, ಏನಾದರೂ ಬೇಕಿತ್ತಾ ಎಂದು ಉತ್ತಯ್ಯನವರು ಕೇಳಿದರು. ಚೋಮಿಯ ಕಾಲು ನಿಂತಿತು. ಕೇಳಿಸಿಕೊಳ್ಳಲೆಂದೇ ನಿಂತಿತು ಎಂದು ಅವನಿಗನಿಸಿತು. ಮಗುವಿನ ಬಟ್ಟೆಯ ಕಪಾಟು ಕಣ್ಣಮುಂದೆ ಬಂತು, ಸಾಲು ಗೊಳ್ಳೆಂದು ನಕ್ಕಿದ್ದೂ ಬಂತು, ಎರಡೂ ಒಂದರ ಮೇಲೊಂದು ಕೂತವು, ಯಾವುದು ಭಾರ ಎಂದು ನೋಡುವ ಮೊದಲೇ ಬಾಯಿ ತೆರೆಯಿತು.

"ಏನಿಲ್ಲ. ಹಂಗೇ ಬಂದೆ" ಎಂದ.

ಹಿಂದಿರುಗುವಾಗ ಒಳದಾರಿಯಲ್ಲೇ ಬಂದ. ಮನೆಯಲ್ಲಿ ವಿನುತಾ, ದಿವ್ಯಶ್ರೀ ಇಬ್ಬರೂ ಜಗಲಿಯಲ್ಲಿ ಕಾಯುತ್ತಿದ್ದರು. ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಯೋಚಿಸಿರಲಿಲ್ಲ, ಸಿಕ್ಕಲಿಲ್ಲ ಎನ್ನಬಹುದಿತ್ತು, ನಾಳೆ ಹೋಗುತ್ತೇನೆ ಎನ್ನಬಹುದಿತ್ತು. "ಆಗಲ್ಲ ಅಂದ್ರು" ಎಂಬುದು ತಾನಾಗಿ, ಚಪ್ಪಲಿ ಬಿಡುವಷ್ಟು ಸುಲಭವಾಗಿ ಬಂತು.

"ಯಾರು, ಉತ್ತಯ್ಯನವರಾ?" ಎಂದಳು ವಿನುತಾ. "ಅವರು ಹಂಗನ್ನೋರಲ್ಲ ರೀ."

ಅವಳು ನಂಬದಿದ್ದುದು ಅವನಿಗೆ ಉಪಕಾರವಾಯಿತು. ಸಿಟ್ಟು ಬಂತು, ಸಿಟ್ಟಿನ ಜೊತೆಗೆ ವಿವರಗಳೂ ಬಂದವು. ಮರಗಸಿ ಇದೆಯಂತೆ. ಮರಕ್ಕೆ ತಂತಿ ಬಿಗಿದರೆ ತೊಗಟೆ ಹಾಳಾಗುತ್ತದಂತೆ. ಒಬ್ಬರಿಗೆ ಕೊಟ್ಟರೆ ಊರೆಲ್ಲ ಬಂದು ನಿಲ್ಲುತ್ತದಂತೆ. ಬಿಸಿಲಲ್ಲಿ ನಿಲ್ಲಿಸಿಕೊಂಡೇ ಹೇಳಿದರು ಎಂದ, ಅದು ಸುಳ್ಳಲ್ಲ ಎಂಬ ಸಮಾಧಾನದಿಂದ. ದೊಡ್ಡ ಎಸ್ಟೇಟಿನವರ ಬುದ್ಧಿಯೇ ಇಷ್ಟು, ನಾವು ಸಣ್ಣ ಹಿಡುವಳಿಯವರು ಅವರ ಕಣ್ಣಿಗೆ ಮನುಷ್ಯರೇ ಅಲ್ಲ ಎಂದು ಶುರುಮಾಡಿ ಊಟದ ಹೊತ್ತಿನ ತನಕ ಮಾತಾಡಿದ. ಯಾವತ್ತೋ ಸಿಗಬೇಕಿದ್ದ ನಿರಾಕರಣೆ ಇಂದು ಸಿಕ್ಕಿದ ಹಾಗಿತ್ತು. ಆ ಭಾಷಣದ ಬಹುಭಾಗ ಹಳೆಯದೇ, ನೆರೆಹೊರೆಯ ಧರ್ಮ ಇತ್ಯಾದಿ, ಒಂದಕ್ಷರ ಮರೆತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ಅವನಿಗೆ ಉತ್ತಯ್ಯನವರ ಮೇಲೆ ನಿಜವಾಗಿಯೂ ಅಸಹ್ಯ ಹುಟ್ಟಿತು. ರಾತ್ರಿ ಚೆನ್ನಾಗಿ ನಿದ್ದೆ ಬಂತು. ದಿವ್ಯಶ್ರೀ ಭಾನುವಾರವಿಡೀ ಬ್ಯಾಗು ತುಂಬಿದಳು. ಮಗುವಿಗೆ ಅಜ್ಜಿಯ ಪಕ್ಕದಲ್ಲಿ ಮಲಗಲು ಕಲಿಸಿದಳು.

ಸೋಮವಾರ ಬೆಳಿಗ್ಗೆ ಕುಶಾಲನಗರದ ಬಸ್ಸಿಗೆ ಮೂವರೂ ರಸ್ತೆಯ ಬದಿಗೆ ಬಂದು ನಿಂತರು, ಅವನು, ದಿವ್ಯಶ್ರೀ, ಮಗು. ಮಗುವಿಗೆ ಇನ್ನೂ ವಿಷಯ ಪೂರ್ತಿ ಅರ್ಥವಾಗಿರಲಿಲ್ಲ, ತಾನೂ ಬಸ್ಸು ಹತ್ತುತ್ತೇನೆಂದು ಚಪ್ಪಲಿ ಹಾಕಿಕೊಂಡು ಬಂದಿತ್ತು. ಬ್ಯಾಗು ಅವನ ಕೈಯಲ್ಲಿತ್ತು. ಮಗಳ ಬ್ಯಾಗು ಹೊತ್ತು ನಿಂತ ತಂದೆ ಎಂದು ತನ್ನನ್ನು ತಾನೇ ಸ್ವಲ್ಪ ದೂರದಿಂದ ನೋಡಿಕೊಂಡ. ಕಣ್ಣು ತೇವವಾಯಿತು. ತಿರುವಿನಲ್ಲಿ ಉತ್ತಯ್ಯನವರ ಜೀಪು ಕಾಣಿಸಿದಾಗ ಆ ತೇವ ಅಲ್ಲೇ ಒಣಗಿತು. ಹೋಗಲಿ, ಹೋಗಿಬಿಡಲಿ ಎಂದುಕೊಂಡ. ಜೀಪು ಹೋಗಲಿಲ್ಲ. ಪಕ್ಕದಲ್ಲೇ ಬಂದು ನಿಂತಿತು. ಡ್ರೈವರಿನ ಪಕ್ಕ ಕೂತಿದ್ದ ಉತ್ತಯ್ಯನವರು ತಲೆ ಹೊರಗೆ ಹಾಕಿ, ಎಲ್ಲಿಗೆ ಹೊರಟೆ ದಿವ್ಯಾ, ಕುಶಾಲನಗರಕ್ಕಾದರೆ ಜೀಪು ಹತ್ತು ಎಂದರು.

"ಮೈಸೂರಿಗೆ ಅಂಕಲ್" ಎಂದಳು ದಿವ್ಯಶ್ರೀ. ಅವಳ ದನಿ ಮೆತ್ತಗಿತ್ತು, ಅವಳು ಸಿಟ್ಟಾದಾಗ ಮೆತ್ತಗಾಗುತ್ತದೆ. "ನಿಮ್ಮ ಮರಕ್ಕೆ ಕೇಬಲ್ ಕಟ್ಟೋದು ಬೇಡ ಅಂದ್ರಂತಲ್ಲ. ಇಲ್ಲಿದ್ದು ಇನ್ನು ಕೆಲಸ ಮಾಡೋಕಾಗಲ್ಲ. ಮಗುನ ಬಿಟ್ಟು ಹೋಗ್ತಿದೀನಿ."

ಜೀಪಿನ ಎಂಜಿನ್ ಓಡುತ್ತಲೇ ಇತ್ತು. ಉತ್ತಯ್ಯನವರು ಅವಳನ್ನು ನೋಡಿದರು, ಮಗುವನ್ನು ನೋಡಿದರು, ಆಮೇಲೆ ರೇಣುಕಪ್ರಸಾದನನ್ನು ನೋಡಿದರು. ಕಾಯಿ ಕಚ್ಚಿ ಒಣಗಿದೆಯೇ ನೋಡುವಾಗಿನ ನೋಟ ಅದು. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಅವನಿಗೆ ಉತ್ತರ ಗೊತ್ತಿತ್ತು. ಎಂಜಿನ್ ಇನ್ನೂ ಜೋರಾಗಿ ಓಡಿದರೆ, ಯಾರ ಮಾತೂ ಯಾರಿಗೂ ಕೇಳಿಸದಿದ್ದರೆ ಎಂದು ಅವನು ಬೇಡಿಕೊಂಡ.

"ಹೌದು ಮಗಳೇ, ಅಂದೆ" ಎಂದರು ಉತ್ತಯ್ಯನವರು ನಿಧಾನವಾಗಿ. "ಮಂಡಿ ನೋವು ಜಾಸ್ತಿ ಆದ್ರೆ ನನಗೆ ಬಾಯಿ ಸರಿ ಇರೂದಿಲ್ಲ. ನನ್ನದೇ ತಪ್ಪು. ಕುಟ್ಟಪ್ಪನಿಗೆ ಈಗಲೇ ಫೋನ್ ಮಾಡ್ತೇನೆ, ಇವತ್ತೇ ಬಂದು ಕಟ್ಟಲಿ. ನೀನು ಎಲ್ಲೂ ಹೋಗೂದು ಬೇಡ." ಆಮೇಲೆ ಅವನ ಕಡೆ ತಿರುಗಿದರು. "ಪ್ರಸಾದ್, ಆವತ್ತು ಹಾಗೆ ಹೇಳಿದ್ದಕ್ಕೆ ಬೇಜಾರು ಮಾಡ್ಕೊಬೇಡಿ ಮಾರಾಯ್ರೆ."

ಏನಾದರೂ ಹೇಳಬೇಕಿತ್ತು. ಹೇಳಬಹುದಾದ ಮಾತುಗಳು ಬಹಳ ಇರಲಿಲ್ಲ, ನಿಜವಾದದ್ದು ಒಂದೇ ಇತ್ತು, ನಾನು ಕೇಳಲೇ ಇಲ್ಲ ಎಂಬ ಮೂರು ಪದದ್ದು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ.

"ಪರವಾಗಿಲ್ಲ ಬಿಡಿ" ಎಂದ ರೇಣುಕಪ್ರಸಾದ್.

ಉತ್ತಯ್ಯನವರು ತಲೆಯಾಡಿಸಿದರು. ಜೀಪು ಹೊರಟಿತು. ದಿವ್ಯಶ್ರೀ ಜೀಪನ್ನು ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಕ್ಷಮಿಸಿದವನ ಮುಖ ಹೇಗಿರಬೇಕೋ ಹಾಗೆ ಇಟ್ಟುಕೊಳ್ಳಲು ಅವನು ಪ್ರಯತ್ನಿಸಿದ. ಕಿವಿಗಳು ಬಿಸಿಯಾಗಿದ್ದವು, ಸುಳ್ಳು ಹೇಳಿದಾಗ ಅವು ಕೆಂಪಾಗುತ್ತವೆ ಎಂದು ಮನೆಯವರಿಗೆಲ್ಲ ಗೊತ್ತು. ಬಸ್ಸು ಬಂದು ನಿಂತಿತು, ಕಂಡಕ್ಟರ್ ಬನ್ನಿ ಬನ್ನಿ ಎಂದ, ಅವಳು ಬೇಡವೆಂದು ಕೈಯಾಡಿಸಿದಳು, ಬಸ್ಸು ಹೋಯಿತು. ಅವನು ಶನಿವಾರ ಕೇಬಲಿನ ಮಾತು ಎತ್ತಿದನೇ ಇಲ್ಲವೇ ಎಂದು ಅವಳು ಕೇಳುತ್ತಾಳೆ ಎಂದು ಅವನು ಕಾದ. ಕೇಳಿದರೆ ಸಿಟ್ಟಾಗಬಹುದಿತ್ತು. ಅವಳು ಅವನ ಕೈಯಿಂದ ಬ್ಯಾಗು ತೆಗೆದುಕೊಂಡಳು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಮುಂದೆ ನಡೆದಳು. ಬಸ್ಸು ಹತ್ತಿಸಲಿಲ್ಲವೆಂದು ಮಗು ದಾರಿಯುದ್ದಕ್ಕೂ ಅತ್ತಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಕುಟ್ಟಪ್ಪ ಹೇಳಿದ ಹಾಗೆಯೇ ನೆಟ್ ಬಂತು. ಯಾವ ಮರದಿಂದ ಯಾವ ಮರಕ್ಕೆ ಎಂದು ಉತ್ತಯ್ಯನವರು ತಾವೇ ಕೋಲು ಊರಿಕೊಂಡು ಬಂದು ತೋರಿಸಿದರಂತೆ, ಮರಗಸಿಯವರಿಗೆ ಈಗಲೇ ಹೇಳಿಟ್ಟರಂತೆ, ಇದು ಪ್ರಸಾದರ ಮನೆಯ ತಂತಿ, ಅವರು ಬಂದು ಕೇಳಿದ್ದಾರೆ ಎಂದು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಯಾರದೋ ಮೂತ್ರಪಿಂಡದ ಕಲ್ಲು ಮಂಜೂರಾಗುತ್ತಿತ್ತು. ವಿನುತಾ ಕುಟ್ಟಪ್ಪನಿಗೆ ಎರಡನೇ ಸಲ ಸಾರು ಬಡಿಸುತ್ತ, ನಾನು ಆವತ್ತೇ ಹೇಳಲಿಲ್ಲವಾ ಅವರು ಹಾಗನ್ನುವವರಲ್ಲ ಎಂದು, ಯಾರನ್ನೂ ನೋಡದೆ ಹೇಳಿದಳು. ರೇಣುಕಪ್ರಸಾದ್ ತಟ್ಟೆಯ ಮೇಲೆ ಬಗ್ಗಿ ಅನ್ನ ಕಲಸಿದ.

ಅವನು ಆ ಕಣದಲ್ಲಿ ನಿಂತು ಏನನ್ನೂ ಕೇಳಿರಲಿಲ್ಲ. ಕೊಟ್ಟ ಮಾತು ಉಳಿಯಿತು.